ಕ್ಯಾಪ್ಟನ್‌ನನ್ನು ಕಳಿಸಿದ್ದು

ರೀಸ್ ಓಡ್ಲಾಂಡ್ ನಮ್ಮ ಮನೆಯ ನೆಲಮಾಳಿಗೆಯ ಕೋಣೆಗೆ ಬಂದಾಗ ಹದಿನಾರರ ಹುಡುಗ. ದೂರದಿಂದ ಐಸ್ ಹಾಕಿ ಆಡಲು ಬರುವ ಮಕ್ಕಳನ್ನು ಊರಿನ ಮನೆಗಳು ಹಂಚಿಕೊಂಡು ಸಾಕುತ್ತವೆ. ನಮ್ಮ ಪಾಲಿಗೆ ಇವನು ಬಂದ. ಮೊದಲು ನನ್ನನ್ನು ಮಿಸೆಸ್ ಪ್ರೊಕೊಪ್ ಎನ್ನುತ್ತಿದ್ದವನು, ಒಮ್ಮೆ ಪೆರೋಗಿ ಕಡುಬಿನ ತಟ್ಟೆ ಮುಂದಿಟ್ಟಾಗ ಬಾಯಿತಪ್ಪಿ ಅಮ್ಮಾ ಎಂದುಬಿಟ್ಟ. ಆಮೇಲೆ ಅದೇ ಉಳಿಯಿತು. ಈಗ ಅವನಿಗೆ ಇಪ್ಪತ್ತು. ಜೂನಿಯರ್ ಹಾಕಿಯಲ್ಲಿ ಇಪ್ಪತ್ತು ಎಂದರೆ ಮುದುಕ. ಈ ಚಳಿಗಾಲದಲ್ಲಿ ಯಾವುದಾದರೂ ದೊಡ್ಡ ತಂಡದವರ ಕಣ್ಣಿಗೆ ಬಿದ್ದರೆ ಸರಿ, ಇಲ್ಲದಿದ್ದರೆ ಆಟ ಅಲ್ಲಿಗೆ ಮುಗಿಯಿತು.

ನಮ್ಮ ತಂಡದ ಆಟ ನೋಡಲು ಯಾವ ದೊಡ್ಡವರು ಬರುತ್ತಾರೆ? ಪಟ್ಟಿಯ ತಳದಲ್ಲಿದ್ದೆವು. ಮ್ಯಾನೇಜರ್ ವಾರೆನ್ ಡೈಕ್ ಅದನ್ನು ‘ಹೊಸದಾಗಿ ಕಟ್ಟುತ್ತಿದ್ದೇವೆ’ ಎನ್ನುತ್ತಿದ್ದ. ಕೇಳಲು ಚೆನ್ನಾಗಿತ್ತು, ಅಷ್ಟೇ. ಜನವರಿಯಲ್ಲಿ ಆಟಗಾರರ ಅದಲುಬದಲಿನ ಗಡುವು ಮುಗಿಯುವ ಹಿಂದಿನ ದಿನ, ಕಪ್ ಗೆಲ್ಲುವಂತಿದ್ದ ಪಕ್ಕದ ಪ್ರಾಂತ್ಯದ ತಂಡವೊಂದು ನಮ್ಮ ಕ್ಯಾಪ್ಟನ್ ರೀಸ್‌ನನ್ನು ಕೇಳಿತು. ಬದಲಿಗೆ ಇಬ್ಬರು ಎಳೆಯ ಹುಡುಗರನ್ನು ಕೊಡುವುದಾಗಿ ಹೇಳಿತು.

ನಮ್ಮಲ್ಲೊಂದು ಪದ್ಧತಿಯಿದೆ. ಕ್ಯಾಪ್ಟನ್‌ನನ್ನು ಕೇಳದೆ ಕಳಿಸುವುದಿಲ್ಲ. ಅದರ ಬಗ್ಗೆ ನಮಗೆ ಭಾರಿ ಹೆಮ್ಮೆ. ವಾರೆನ್ ಕೇಳಿದ, ರೀಸ್ ಆಗುವುದಿಲ್ಲ ಎಂದ. ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿಯಾಯಿತು. ನನ್ನ ಗಂಡ ಓರೆಸ್ಟ್ ಕಾಫಿ ಅಂಗಡಿಯಿಂದ ಎದೆಯುಬ್ಬಿಸಿಕೊಂಡು ಬಂದ.

“ಹುಡುಗ ಅಂದ್ರೆ ಇವನು ಕಣೇ! ಇವನು ಹೋದ್ರೆ ನಮ್ಮ ತಂಡದ ಮರಿಗಳಿಗೆ ಯಾರು ಗತಿ? ಆ ವಾರೆನ್‌ಗೆ ಕೇಳೋಕಾದ್ರೂ ಹೇಗೆ ಬಾಯಿ ಬಂತು?”

ಒಗೆದ ಬಟ್ಟೆ ತೆಗೆದುಕೊಂಡು ನಾನು ಕೆಳಗಿಳಿದೆ. ರೀಸ್ ಮಂಚದ ಮೇಲೆ ಕೂತು, ಸದ್ದು ಅಡಗಿಸಿ, ಫೋನಿನಲ್ಲಿ ತನ್ನನ್ನು ಕೇಳಿದ್ದ ಆ ತಂಡದ ಆಟ ನೋಡುತ್ತಿದ್ದ. ನನ್ನನ್ನು ಕಂಡು ಫೋನ್ ಮಗುಚಿ ಹಾಕಿದ.

“ಹೋಗ್ಬೇಕು ಅಂತ ಇದೆಯೇನೋ?”

“ಇಲ್ಲಮ್ಮ.”

“ನನ್ನ ಮುಖ ನೋಡಿ ಹೇಳು.”

ಅವನು ನೆಲ ನೋಡಿದ. “ಕ್ಯಾಪ್ಟನ್ ಆದೋನು ಹೋಗ್ತೀನಿ ಅಂತ ಬಾಯಿ ಬಿಡೋ ಹಾಗಿಲ್ಲಮ್ಮ. ಹಾಗಂದ್ರೆ ಆ ಹುಡುಗ್ರ ಮುಖ ಹೇಗೆ ನೋಡ್ಲಿ? ಬಿಟ್ಟು ಓಡಿಹೋದ ಅಂತಾರೆ.”

ನನಗೆ ಮೈಯೆಲ್ಲ ಉರಿಯಿತು. ಒಂದೇ ಒಂದು ಉತ್ತರ ಕೊಡಲು ಸಾಧ್ಯವಿರುವ ಪ್ರಶ್ನೆ ಕೇಳಿ, ಆ ಉತ್ತರಕ್ಕೆ ಬೆನ್ನು ತಟ್ಟುವ ಊರು ನಮ್ಮದು! ಕೋಟು ಹಾಕಿಕೊಂಡು ನೇರ ಹಾಕಿ ಆಡುವ ರಿಂಕಿಗೆ ನಡೆದೆ. ವಾರೆನ್ ತನ್ನ ಕೋಣೆಯಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

“ಅವನನ್ನ ಇನ್ನೊಂದ್ಸಲ ಕೇಳ್ಬೇಡಿ. ಕಳಿಸಿಬಿಟ್ಟಿದೀನಿ ಅಂತ ಹೇಳಿ. ಎಲ್ಲರ ಎದುರಿಗೇ ಹೇಳಿ.”

ಅವನು ತಿನ್ನುವುದನ್ನು ನಿಲ್ಲಿಸಿದ. “ಗ್ಲೆಂಡಾ, ಊರು ನನ್ನ ಚರ್ಮ ಸುಲಿಯುತ್ತೆ.”

“ಸುಲೀಲಿ ಬಿಡಿ. ನಿಮ್ಮ ಚರ್ಮ ದಪ್ಪ ಇದೆ.”

ನಕ್ಕ. ಆಮೇಲೆ ಕೇಳಿದ, “ಅವನು ಹೋದ್ರೆ ನಿಮಗೆ ತಡೆಯೋಕಾಗುತ್ತಾ?”

“ಇಲ್ಲ,” ಎಂದೆ.

ಮರುದಿನ ಅಭ್ಯಾಸ ಮುಗಿದ ಮೇಲೆ ವಾರೆನ್ ಹುಡುಗರೆಲ್ಲರ ಮುಂದೆ ಹೇಳಿದನಂತೆ. ರೀಸ್ ಕೋಲನ್ನು ಗೋಡೆಗೆ ಬಡಿದು ಮುರಿದನಂತೆ. ತಂಡದ ಎಳೆಯ ಹುಡುಗರು ಅತ್ತರು, ಕ್ಯಾಪ್ಟನ್‌ನನ್ನು ತಬ್ಬಿಕೊಂಡರು, ವಾರೆನ್‌ನ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಸಂಜೆ ರೀಸ್ ಚೀಲಗಳನ್ನು ಗಾಡಿಗೆ ತುಂಬಿದ. ಓರೆಸ್ಟ್ ವಾರೆನ್‌ಗೆ ಹಿಡಿಶಾಪ ಹಾಕುತ್ತ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದ. ರೀಸ್ ನನ್ನನ್ನು ಅಪ್ಪಿಕೊಂಡ. ನಾನಂತೂ ನಾಚಿಕೆಯಿಲ್ಲದೆ ಅತ್ತೆ. ನಾನೇ ಕಳಿಸಿದೆ ಎಂಬುದು ಗೊತ್ತಿದ್ದರೂ ಎದೆ ಕೇಳಬೇಕಲ್ಲ.

ಶನಿವಾರ ನಮ್ಮೂರಲ್ಲಿ ಆಟವಿತ್ತು. ರಿಂಕಿನ ಕ್ಯಾಂಟೀನು ನನ್ನದೇ. ವಾರೆನ್ ಒಳಗೆ ಬಂದಾಗ ಜನ ಕೂಗಿ ಮೂದಲಿಸಿದರು. ಮುಂದಿನ ವಾರವೂ ಕೂಗುತ್ತಾರೆ, ವರ್ಷಪೂರ್ತಿ ಕೂಗುತ್ತಾರೆ, ಹೀಗೇ ಆದರೆ ಅವನ ಕೆಲಸವೂ ಹೋಗಬಹುದು. ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು.

“ಅಮ್ಮಾ! ಮೊದಲನೇ ಆಟದಲ್ಲೇ ಎರಡು ಗೋಲು!” ಹಿಂದೆ ಹೊಸ ಹುಡುಗರ ಗದ್ದಲ, ನಗು. ಅಂಥ ಸಂಭ್ರಮ ನಾನು ಅವನ ದನಿಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಆಮೇಲೆ ದನಿ ತಗ್ಗಿಸಿದ. “ಅಮ್ಮಾ, ಊರಲ್ಲಿ ಯಾರಾದ್ರೂ ಕೇಳಿದ್ರೆ ನಾನಿನ್ನೂ ಕೋಪದಲ್ಲಿದೀನಿ ಅಂತ ಹೇಳಿ. ವಾರೆನ್‌ಗೂ ಹಾಗೇ ಹೇಳಿ. ಮರೀಬೇಡಿ.”

ಸ್ವಲ್ಪ ಹೊತ್ತಿಗೆ ವಾರೆನ್ ಕೌಂಟರಿಗೆ ಬಂದ. ಸಾಲಿನಲ್ಲಿದ್ದವರು ದೂರ ಸರಿದರು. ಹಿಂದಿನಿಂದ ಓರೆಸ್ಟ್, “ಅವನಿಗೆ ಕಾಫಿ ಕೊಡಬೇಡ ಕಣೇ,” ಎಂದ.

ನಾನು ಲೋಟ ತುಂಬಿಸಿ ಎಲ್ಲರಿಗೂ ಕೇಳುವಂತೆ ಹೇಳಿದೆ, “ರೀಸ್ ಫೋನ್ ಮಾಡಿದ್ದ. ನಿಮ್ಮ ಮೇಲೆ ಇನ್ನೂ ಕೋಪದಲ್ಲೇ ಇದಾನಂತೆ.”

ವಾರೆನ್ ಬಗ್ಗಿ ಲೋಟ ತೆಗೆದುಕೊಳ್ಳುತ್ತ ಮೆಲ್ಲಗೆ ಕೇಳಿದ, “ಎಷ್ಟು ಹೊಡೆದ?”

“ಎರಡು.”

ತಲೆಯಾಡಿಸಿದ. ಕಾಫಿ ಹಿಡಿದುಕೊಂಡು ಹೋಗಿ, ಯಾರೂ ಇಲ್ಲದ ಮೂಲೆಯಲ್ಲಿ ರಿಂಕಿನ ಸುತ್ತಲಿನ ಗಾಜಿಗೆ ಒರಗಿ ನಿಂತು, ನಾವು ಸೋಲುವುದನ್ನು ನೋಡತೊಡಗಿದ.