ಕಡ್ಡಿ ಮಾವನ ಕಿವಿ

ಕಡ್ಡಿ ಮಾವ ಚಕ್ರವನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದ. ತಂತಿ ಕಡ್ಡಿಗಳ ಚಕ್ರವೊಂದನ್ನು ಕಟ್ಟಿ ಮುಗಿಸಿದ ಮೇಲೆ ಅದನ್ನು ಕಬ್ಬಿಣದ ಗೂಟಕ್ಕೆ ಸಿಕ್ಕಿಸಿ, ಚಹಾ ಚಮಚವೊಂದನ್ನು ತಲೆಕೆಳಗಾಗಿ ಹಿಡಿದು, ಎಡಗಿವಿಯನ್ನು ಅತ್ತ ಓರೆ ಮಾಡಿ, ಕಣ್ಣು ಮುಚ್ಚಿಕೊಂಡು ಎಪ್ಪತ್ತೆರಡು ಕಡ್ಡಿಗಳನ್ನೂ ಒಂದೊಂದಾಗಿ ತಟ್ಟುತ್ತ ಹೋಗುತ್ತಿದ್ದ. ಬಿಗಿಯಾದ ಕಡ್ಡಿ ಟಿಣ್ಣೆನ್ನುತ್ತದೆ, ಸಡಿಲಾದದ್ದು ಗಂಟಲು ಕಟ್ಟಿದವರ ಹಾಗೆ ಮಂಕಾಗಿ ಗೊಣಗುತ್ತದೆ. ಈ ಅಂತರ ಕೇಳಿದೊಡನೆ ಅವನು ತಪ್ಪಿತಸ್ಥ ಕಡ್ಡಿಯ ಮೇಲೆ ಸೀಮೆಸುಣ್ಣದ ಚುಕ್ಕೆಯಿಟ್ಟು ಮುಂದಿನದಕ್ಕೆ ಹೋಗುತ್ತಿದ್ದ. ಅಷ್ಟು ಹೊತ್ತೂ ಆ ಕಾರ್ಯಾಗಾರದಲ್ಲಿ ಯಾರೂ ಕೆಮ್ಮುವಂತಿರಲಿಲ್ಲ.

ಅವನಿಗೆ ತಂದೆತಾಯಿ ಇಟ್ಟ ಹೆಸರು ಅಂಗಡಿಯ ಫಲಕದ ಮೇಲೆ ಮಸುಕಾಗಿ ಉಳಿದಿತ್ತೇ ಹೊರತು ಯಾರ ನಾಲಿಗೆಯ ಮೇಲೂ ಇರಲಿಲ್ಲ. ಆಳು ಕಡ್ಡಿಯಂತಿದ್ದ, ಮಾಡುತ್ತಿದ್ದದ್ದು ಕಡ್ಡಿಯ ಕೆಲಸ, ಆಡುತ್ತಿದ್ದದ್ದು ಕಡ್ಡಿ ಮುರಿದಂಥ ಮಾತು. ಅಕ್ಕನ ಮಗಳು ಬಾಲ್ಯದಲ್ಲಿ ಕೂಗಿದ ‘ಕಡ್ಡಿ ಮಾವ’ ಎಂಬ ಹೆಸರು ಕ್ರಮೇಣ ಗಿರಾಕಿಗಳಿಗೂ ಹಬ್ಬಿ, ಅವನಿಗಿಂತ ಹತ್ತು ವರ್ಷ ಹಿರಿಯರಾದವರೂ ಅವನನ್ನು ಮಾವನೆಂದೇ ಕರೆಯುತ್ತಿದ್ದರು. ಎಡಭುಜವನ್ನು ಮುಂದೆ ಚಾಚಿ, ಕೆಟ್ಟು ನಿಂತ ಗಾಡಿಯೊಂದನ್ನು ಸದಾ ತಳ್ಳುತ್ತಿರುವವನಂತೆ ನಡೆಯುತ್ತಿದ್ದ. ಸುಡುವ ಬಿಸಿಲಿನಲ್ಲೂ ಬೂದುಬಣ್ಣದ ಉದ್ದನೆಯ ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡಿರುತ್ತಿದ್ದ. ಅದರ ಎದೆಯ ಜೇಬಿನಲ್ಲಿ ಆ ಚಮಚ ವೈದ್ಯರ ಸ್ಟೆತಸ್ಕೋಪಿನಷ್ಟೇ ಗಾಂಭೀರ್ಯದಿಂದ ಇಣುಕುತ್ತಿತ್ತು.

ಅವನ ಅಂಗಡಿಯಲ್ಲಿ ಒಂದು ಪದಕ್ಕೆ ಪ್ರವೇಶವಿರಲಿಲ್ಲ: ‘ಪರವಾಗಿಲ್ಲ’. ಗಿರಾಕಿಯೊಬ್ಬ, “ಸ್ವಲ್ಪ ಓಲಾಡಿದ್ರೆ ಪರವಾಗಿಲ್ಲ ಮಾವ, ಅವಸರ ಇದೆ” ಎಂದರೆ ಸಾಕು, ಚಕ್ರವನ್ನು ಅವನ ಕೈಗೇ ಕೊಟ್ಟು, “ಪರವಾಗಿಲ್ಲ ಅನ್ನೋ ಅಂಗಡಿ ಮುಂದಿನ ಬೀದೀಲಿದೆ, ಅಲ್ಲಿಗೆ ಹೋಗಿ” ಎಂದು ಬಾಗಿಲು ತೋರಿಸುತ್ತಿದ್ದ. ಮುಂದಿನ ಬೀದಿಯಲ್ಲಿ ಅಂಥ ಅಂಗಡಿಯೇನೂ ಇರಲಿಲ್ಲ. ಮದುವೆಯಾಗುವ ಹುಡುಗಿಗೆ ವರನ ಎದುರೇ, “ಇವನು ನಿನಗೆ ತಕ್ಕವನಲ್ಲ” ಎಂದವನು ಅವನು. ಸಾಯುತ್ತಿದ್ದ ಭಾವನಿಗೆ ಡಾಕ್ಟರು ಹೇಳಲು ಹಿಂಜರಿದದ್ದನ್ನು ಹಾಸಿಗೆಯ ಪಕ್ಕದಲ್ಲಿ ಕುಳಿತು ಹೇಳಿದವನೂ ಅವನೇ. ಯಥಾರ್ಥವಾದಿ ಲೋಕವಿರೋಧಿ ಎಂಬ ಮಾತು ಅವನ ವಿಷಯದಲ್ಲಿ ಅರ್ಧ ಮಾತ್ರ ನಿಜವಾಯಿತು, ಏಕೆಂದರೆ ಲೋಕ ಅವನನ್ನು ವಿರೋಧಿಸಲೇ ಇಲ್ಲ. ಬೈಸಿಕೊಂಡವರೇ, “ಮನುಷ್ಯ ಒರಟು, ಆದರೆ ಸುಳ್ಳಾಡುವವನಲ್ಲ” ಎಂದು ಹೊಗಳುತ್ತ ಹೋದರು. ಆ ಹೊಗಳಿಕೆಯ ಬೆಲೆಯನ್ನು ತೆತ್ತವನೊಬ್ಬ ಮಾತ್ರ ಬೇರೆ ಇದ್ದ.

ಅವನು ಕಡ್ಡಿ ಮಾವನ ಜೊತೆಗಾರ. ಇಬ್ಬರೂ ಒಂದೇ ಗುರುವಿನ ಬಳಿ ಚಕ್ರ ಕಟ್ಟುವುದನ್ನು ಕಲಿತು, ಒಂದೇ ಸೂರಿನಡಿ ಇಪ್ಪತ್ತು ವರ್ಷ ದುಡಿದವರು. ಒಂದು ದಿನ ಜೊತೆಗಾರ ಕಟ್ಟಿದ ಚಕ್ರವೊಂದು ಕಿರುಗುಟ್ಟುತ್ತ ಹಿಂದಿರುಗಿ ಬಂತು. ಕಡ್ಡಿ ಮಾವ ಅದನ್ನು ತಟ್ಟಿ ನೋಡಿ, ಐದಾರು ಗಿರಾಕಿಗಳ ಮುಂದೆ, “ಇವನ ಕಿವಿ ಸತ್ತಿದೆ. ಇವನು ಕಟ್ಟಿದ ಚಕ್ರದ ಮೇಲೆ ನಿಮ್ಮ ಮಕ್ಕಳನ್ನ ಕೂರಿಸ್ಬೇಡಿ” ಎಂದುಬಿಟ್ಟ. ಜೊತೆಗಾರನಿಗೆ ಆ ವಾರ ಕಿವಿ ಮುಚ್ಚಿಹೋಗುವಂಥ ನೆಗಡಿಯಾಗಿತ್ತು, ಅಷ್ಟೆ. ನೆಗಡಿ ಬಂತೆಂದು ಮೂಗು ಕೊಯ್ದಂತಾಯಿತು. ಮಾರನೆಯ ವಾರ ಕಿವಿ ತೆರೆದುಕೊಂಡಿತು, ಹೋದ ಹೆಸರು ಮಾತ್ರ ಬರಲಿಲ್ಲ. ಅವನು ಗಲ್ಲಿಯೊಂದರಲ್ಲಿ ಚಿಕ್ಕ ಕೋಣೆ ಹಿಡಿದು ಆಸ್ಪತ್ರೆಯ ಗಾಲಿಕುರ್ಚಿಗಳ ಚಕ್ರ ನೇರ ಮಾಡುತ್ತ ಹತ್ತೊಂಬತ್ತು ವರ್ಷ ಕಳೆದ. ಗಾಲಿಕುರ್ಚಿ ಓಡುವ ವೇಗಕ್ಕೆ ಯಾರೂ ಕಿವಿಯ ಪರೀಕ್ಷೆ ಕೇಳುವುದಿಲ್ಲ.

ಇನ್ನು ಕಾರಿನ ಮಾತು. ಐವತ್ತು ವರ್ಷ ಹಳೆಯದಾದ, ತಲೆಯ ಮೇಲೆ ಸೂರಿಲ್ಲದ, ಇಬ್ಬರೇ ಕೂರಬಹುದಾದ ಆ ಸ್ಪೋರ್ಟ್ಸ್ ಕಾರು ಭಾವನದು. ಭಾವ ಹೋದ ಮೇಲೆ ಅದು ಮಗಳಿಗೆ, ‘ಕಡ್ಡಿ ಮಾವ’ ಎಂದು ಹೆಸರಿಟ್ಟ ಆ ಅಕ್ಕನ ಮಗಳಿಗೆ, ಬಂತು. ಅವಳು ಮುದ್ರಣಾಲಯವೊಂದರ ಯಂತ್ರಗಳ ಮೇಲ್ವಿಚಾರಕಿ, ನಲವತ್ತರ ಹೆಣ್ಣು, ತಂದೆಯ ಹಾಗೆಯೇ ವರ್ಷಕ್ಕೊಮ್ಮೆ ಬೆಟ್ಟ ಹತ್ತುವ ಪಂದ್ಯಕ್ಕೆ ಆ ಕಾರನ್ನು ಒಯ್ಯುತ್ತಿದ್ದಳು. ಅದರ ನಾಲ್ಕು ತಂತಿ ಚಕ್ರಗಳನ್ನೂ ಕಟ್ಟಿದವನು, ಪಂದ್ಯಕ್ಕೆ ಮುನ್ನ ಚಮಚ ಹಿಡಿದು ಪರೀಕ್ಷಿಸಿ ಕೊಡುತ್ತಿದ್ದವನು ಸೋದರಮಾವ. ಅವನು ಚೆನ್ನಾಗಿದೆ ಎಂದ ಮೇಲೆ ಅವಳು ಕಣ್ಣು ಮುಚ್ಚಿ ಪ್ರಪಾತದ ಅಂಚಿನ ತಿರುವುಗಳನ್ನು ಹಾಯುತ್ತಿದ್ದಳು.

ಅರವತ್ತೈದು ದಾಟಿದ ಮೇಲೆ ಕಡ್ಡಿ ಮಾವ ಮಾತು ಹೆಚ್ಚಿಸಿದ. ತಾನೇ ಮಾತಾಡುತ್ತಿದ್ದರೆ ಇನ್ನೊಬ್ಬರನ್ನು ಕೇಳಿಸಿಕೊಳ್ಳಬೇಕಾಗಿಲ್ಲ ಎಂಬುದು ಅವನ ಉಪಾಯ, ಅದು ಮೊದಲು ಅರ್ಥವಾದದ್ದು ಅಕ್ಕನ ಮಗಳಿಗೆ. ಎದುರಿನವರ ಕಣ್ಣಿಗಿಂತ ತುಟಿಯನ್ನೇ ಅವನು ನೋಡತೊಡಗಿದ್ದನ್ನೂ, ಬೆನ್ನ ಹಿಂದಿನಿಂದ ಕರೆದರೆ ತಿರುಗದಿದ್ದುದನ್ನೂ ಅವಳು ಗಮನಿಸಿದಳು. “ಒಂದ್ಸಲ ಕಿವಿ ಡಾಕ್ಟರಿಗೆ ತೋರಿಸೋಣ ಮಾವ” ಎಂದಾಗ ಬಂದ ಉತ್ತರ ಅವನದೇ ಧಾಟಿಯದು: “ನನ್ನ ಕಿವಿ ಸರಿಯಾಗೇ ಇದೆ. ನಿಮ್ಮ ಬಾಯಿ ಸರಿಯಿಲ್ಲ, ಅರ್ಧ ಮಾತು ನುಂಗ್ತೀರಿ.” ಅವಳು ನಕ್ಕುಬಿಟ್ಟಳು. ಚಮಚ ಎಂದಿನಂತೆ ಎಪ್ಪತ್ತೆರಡು ಕಡ್ಡಿಗಳ ಮೇಲೂ ನಡೆಯುತ್ತಿತ್ತು, ಕಣ್ಣು ಎಂದಿನಂತೆ ಮುಚ್ಚಿರುತ್ತಿತ್ತು. ಸೀಮೆಸುಣ್ಣದ ಚುಕ್ಕೆಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, ಕೊನೆಗೆ ಒಂದೂ ಬೀಳದಂತಾಯಿತು.

ಆ ವರ್ಷ ಪಂದ್ಯಕ್ಕೆ ಮೊದಲು ಅಭ್ಯಾಸಕ್ಕೆಂದು ಬೆಟ್ಟ ಹತ್ತುವಾಗ ಎಡಗಡೆಯ ಮುಂಚಕ್ರದಿಂದ ಟಕ್, ಟಕ್ ಎಂಬ ಸದ್ದು ಬಂತು. ಯಂತ್ರಗಳ ನಡುವೆ ಬದುಕಿದವಳಿಗೆ ಅದು ಒಳ್ಳೆಯ ಸದ್ದಲ್ಲವೆಂದು ತಿಳಿಯಿತು. ನೆಲೆ ತಪ್ಪುತ್ತಿದ್ದ ಕಾರನ್ನು ಹೇಗೋ ಇಳಿಸಿ ತಂದವಳು ಮಾವನ ಅಂಗಡಿಗೆ ಹೋಗದೆ, ಯಾವ ಬುದ್ಧಿ ಬಂತೋ, ಗಲ್ಲಿಯ ಜೊತೆಗಾರನ ಕೋಣೆಗೆ ಚಕ್ರ ಹೊತ್ತು ಹೋದಳು. ಅವನು ತಟ್ಟಿ ನೋಡಿದ. ಎರಡು ಕಡ್ಡಿ ಮುರಿದಿದ್ದವು, ಹನ್ನೊಂದು ಸಡಿಲವಾಗಿದ್ದವು. ಮಾವ ಪರೀಕ್ಷಿಸಿ ಕೊಟ್ಟು ಇನ್ನೂ ತಿಂಗಳಾಗಿರಲಿಲ್ಲ.

ಹತ್ತೊಂಬತ್ತು ವರ್ಷದ ಸೇಡಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೇ? ಜೊತೆಗಾರ ಕೆಟ್ಟ ಕಡ್ಡಿಗಳನ್ನು ತೆಗೆದು ಹೊಸದು ಹಾಕಿ, ಅವುಗಳ ತುದಿಯನ್ನು ತನ್ನ ಅಭ್ಯಾಸದಂತೆ ಅರದಿಂದ ಉಜ್ಜಿ ದುಂಡಗೆ ಮಾಡಿ ಹೇಳಿದ: “ಮನೆವರೆಗೆ ಹೋಗೋಕೆ ಸಾಕು. ನಾಲ್ಕೂ ಒಂದೇ ಸಲ ಕಟ್ಟಿದ್ದು, ಎಲ್ಲಕ್ಕೂ ಆಯಸ್ಸು ಮುಗಿದಿದೆ, ಇದರ ಮೇಲೆ ಬೆಟ್ಟ ಹತ್ತಬೇಡಮ್ಮ. ನಾನು ಹೇಳಿದೆ ಅಂತ ಅವನಿಗೆ ಹೇಳಬೇಡ. ಮನಸ್ಸಿಗೆ ಹಚ್ಕೋತಾನೆ.”

ಹೊಸದಾಗಿ ತಂತಿ ಚಕ್ರ ಕಟ್ಟಿಸಿದರೆ ಮತ್ತೆ ಅದೇ ಚಮಚ. ಕಡ್ಡಿಯೇ ಇಲ್ಲದ ಚಕ್ರವಾದರೆ ತಟ್ಟಲು ಏನಿರುತ್ತದೆ? ಅವಳು ಮಿಶ್ರಲೋಹದ, ಎಂಟು ತೋಳಿನ ಹೊಸ ಚಕ್ರಗಳನ್ನು ತರಿಸಿದಳು. ಒಂದೊಂದೂ ಹಳೆಯದಕ್ಕಿಂತ ಮೂರು ಕಿಲೋ ಕಡಿಮೆ. ಮಾವನಿಗೆ ಹೇಳಲು ಅವಳಿಗೆ ಆ ಕಾರಣವೇ ಸಿಕ್ಕಿತು: “ಹಗುರ ಇದ್ರೆ ತಿರುವಲ್ಲಿ ಕಾರು ಮಾತು ಕೇಳುತ್ತೆ ಮಾವ.”

“ಹಗುರ!” ಆರು ವಾರ ಕಡ್ಡಿ ಮಾವ ಆ ಒಂದು ಪದವನ್ನು ಅಗಿದ. ಹಗುರ ಚಕ್ರ, ಹಗುರ ಬುದ್ಧಿ, ಹಗುರ ಮಾತು, ತೂಕದ ಮನುಷ್ಯನ ಹೊಟ್ಟೆಯಲ್ಲಿ ಹುಟ್ಟಿದ ಹಗುರದ ಮಗಳು ಎಂದು ಬಂದವರ ಎದುರೆಲ್ಲ ಅವಳನ್ನು ಆಡಿಕೊಂಡ. “ಅಪ್ಪ ಕಟ್ಟಿಸಿದ್ದನ್ನ ಕಿತ್ತು, ನನ್ನನ್ನ ನಾಲ್ಕು ಜನರ ಮುಂದೆ ಹಗುರ ಮಾಡ್ತಿದ್ದಾಳೆ” ಎಂದು ಅಕ್ಕನ ಬಳಿ ದೂರಿದ. ಉತ್ತರ ಅಕ್ಕನ ಮಗಳ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಅವನ ಮಾನ ಉಳಿಸಲು ಅವಳೇ ಹೇಳಿದ ಸುಳ್ಳು ಅವಳ ಮಾನವನ್ನೇ ದಿನಕ್ಕೆ ಮೂರು ಹೊತ್ತು ತಿನ್ನುತ್ತಿತ್ತು. ಕೊನೆಗೆ ಮಾವ, “ಭಾವನ ಕಾರನ್ನ ಬೇರೆಯವರ ಕೈಗೆ ಕೊಡಲ್ಲ” ಎಂದು ತಾನೇ ಚಕ್ರ ಹಾಕಿಕೊಡಲು ಒಪ್ಪಿದ.

ಆ ಕಾರಿನ ಚಕ್ರಕ್ಕೆ ನಾಲ್ಕೈದು ಸಣ್ಣ ಬೋಲ್ಟುಗಳಿಲ್ಲ, ನಡುವೆ ಒಂದೇ ದೊಡ್ಡ ನಟ್ಟು. ಅದರ ಎರಡೂ ಬದಿಗೆ ಚಾಚಿಕೊಂಡ ಕಿವಿಗಳನ್ನು ತಾಮ್ರದ ಸುತ್ತಿಗೆಯಿಂದ ಬಡಿದು ಬಿಗಿ ಮಾಡಬೇಕು. ಬಿಗಿಯಾಗುವವರೆಗೆ ಸುತ್ತಿಗೆಯ ಸದ್ದು ಒದ್ದೆ ಗೋಣಿಯ ಮೇಲೆ ಬಡಿದಂತಿರುತ್ತದೆ, ಕುಳಿತೊಡನೆ ಠಣ್ಣೆನ್ನುತ್ತದೆ. ಠಣ್ಣೆಂದರೆ ಕೈ ನಿಲ್ಲಬೇಕು. ಇದನ್ನು ಹನ್ನೆರಡನೆಯ ವಯಸ್ಸಿನಲ್ಲಿ ಅವಳಿಗೆ ಕಲಿಸಿದವನು ಅವನೇ. ಮೊದಲ ಚಕ್ರವನ್ನು ಹಾಕಿ ಅವನು ಬಡಿದ. ಮೂರನೆಯ ಪೆಟ್ಟಿಗೆ ನಟ್ಟು ಠಣ್ಣೆಂದಿತು. ಅವನು ಬಡಿಯುತ್ತಲೇ ಇದ್ದ. ನಾಲ್ಕು, ಐದು, ಆರು. ಏಳನೆಯದಕ್ಕೆ ನಟ್ಟಿನ ಒಂದು ಕಿವಿ ಸೀಳಿತು. ಅವಳು ಕೈ ಚಾಚಿ ಅವನ ಮಣಿಕಟ್ಟು ಹಿಡಿದಳು.

ಅವನು ಸೀಳನ್ನು ನೋಡಿದ, ಅವಳ ಮುಖ ನೋಡಿದ. “ಪರವಾಗಿಲ್ಲ” ಎಂದ. ಆಮೇಲೆ ಗೋಡೆಗೆ ಒರಗಿಸಿದ್ದ ಹಳೆಯ ಚಕ್ರದ ಬಳಿ ಕುಕ್ಕರಗಾಲಲ್ಲಿ ಕುಳಿತು ಕಡ್ಡಿಗಳ ಮೇಲೆ ಹೆಬ್ಬೆರಳು ಆಡಿಸಿದ. ಕಿವಿ ಹೋದರೂ ಬೆರಳು ಹೋಗಿರಲಿಲ್ಲ. ದುಂಡಗೆ ಉಜ್ಜಿದ ತುದಿಯೊಂದರ ಮೇಲೆ ಅದು ನಿಂತಿತು.

“ಅವನ ಹತ್ರ ಹೋಗಿದ್ಯಾ?”

“ಹೋಗಿದ್ದೆ” ಎಂದಳು, ಅವನಿಗೆ ಕಾಣುವಂತೆ ಮುಖವೆತ್ತಿ. “ಎರಡು ಮುರಿದಿತ್ತು, ಹನ್ನೊಂದು ಸಡಿಲ ಇತ್ತು ಮಾವ. ನೀವು ನೋಡಿ ಕೊಟ್ಟಿದ್ದ ಚಕ್ರ.”

ಕಡ್ಡಿ ಮಾವ ಕಡ್ಡಿಯ ಮೇಲಿನಿಂದ ಬೆರಳು ತೆಗೆದ. ಎದ್ದು ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟು, “ಉಳಿದಿದ್ದು ನೀನೇ ಬಡಿ” ಎಂದ. ಅವಳ ಕಣ್ಣು ತುಂಬಿ ಬಂತು. ಇಂದಲ್ಲ ನಾಳೆ ಅವನು ಆ ಗಲ್ಲಿಗೆ ನಡೆದು ಹೋಗುತ್ತಾನೆ, ತಪ್ಪು ತನ್ನದೆಂದು ಒಂದು ಮಾತು ಹೇಳುತ್ತಾನೆ, ಹತ್ತೊಂಬತ್ತು ವರ್ಷದ ಕಳಂಕ ಆ ಒಂದು ಮಾತಿನಿಂದ ತೊಳೆದುಹೋಗುತ್ತದೆ ಎಂದು ಅವಳು ನಂಬಿದಳು. ಕಡ್ಡಿ ಮುರಿದಂತೆ ಮಾತಾಡುವವನಿಗೆ ಅದೇನು ದೊಡ್ಡದು?

ಮುಂದಿನ ಭಾನುವಾರ ಅವಳ ತಾಯಿಯ ಮನೆಯಲ್ಲಿ ಊಟಕ್ಕೆ ತಂದೆಯ ಹಳೆಯ ಸ್ನೇಹಿತರು ಮೂವರು ಬಂದಿದ್ದರು. ಮೂವರೂ ಹಳೆಯ ಕಾರುಗಳ ಒಡೆಯರು. ಜೊತೆಗಾರನ ಕೈಗುಣವನ್ನು ಅವಳ ಬಾಯಿಂದ ಕೇಳಿ ತಮ್ಮ ಚಕ್ರಗಳನ್ನು ಅವನಿಗೆ ಕೊಡುವುದಾಗಿ ಮಾತಾಗಿತ್ತು. ತಂತಿ ಚಕ್ರಗಳನ್ನು ಯಾಕೆ ತೆಗೆಸಿದೆ ಎಂದು ಅವರಲ್ಲೊಬ್ಬರು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಕಡ್ಡಿ ಮಾವ, ಕೋಟಿನ ಮೇಲಿನ ಗುಂಡಿಯನ್ನು ಸರಿಮಾಡಿಕೊಳ್ಳುತ್ತ, ಎಂದಿನ ಅದೇ ಗಟ್ಟಿ ದನಿಯಲ್ಲಿ ಹೇಳಿದ: “ನಾನು ಸರಿಯಾಗೇ ಕೊಟ್ಟಿದ್ದೆ. ಇವಳು ತಗೊಂಡು ಹೋಗಿ ಅವನ ಕೈಗೆ ಕೊಟ್ಲು. ಅವನು ಮುಟ್ಟಿದ್ಮೇಲೆ ಕಡ್ಡಿ ಮುರೀದೆ ಇರುತ್ತಾ? ಅವನ ಕಿವಿ ಸತ್ತಿದೆ ಅಂತ ನಾನು ಅವತ್ತೇ ಹೇಳಿರಲಿಲ್ವಾ?”

“ಮಾವ, ಮುರಿದದ್ದು ಮೊದಲು. ಅವರಿಗೆ ಕೊಟ್ಟದ್ದು ಆಮೇಲೆ. ನಿಮಗೆ ಗೊತ್ತು, ಹೇಳಿ” ಎಂದಳು ಅವಳು. ಅವನು ಆಗಲೇ ಕಿಟಕಿಯತ್ತ ಮುಖ ತಿರುಗಿಸಿದ್ದ. ತುಟಿ ಕಾಣದಿದ್ದರೆ ಅವನಿಗೆ ಮಾತು ಮುಟ್ಟುವುದಿಲ್ಲ. ಅದನ್ನು ಅವಳಲ್ಲದೆ ಆ ಕೋಣೆಯಲ್ಲಿ ಇನ್ನಾರೂ ತಿಳಿದಿರಲಿಲ್ಲ.

“ಸುಮ್ನಿರೇ. ಹಿರಿಯರ ಮುಂದೆ ಏನು ಮಾತು ಅದು?” ಎಂದು ತಾಯಿ ಗದರಿದಳು. “ಹುಟ್ಟಿದಾಗಿಂದ ನೋಡಿದೀನಿ, ನನ್ನ ತಮ್ಮ ಒಂದು ಸುಳ್ಳು ಹೇಳಿದವನಲ್ಲ.” ಮೂವರು ಹಿರಿಯರೂ ತಲೆಯಾಡಿಸಿದರು. ಆಮೇಲೆ ಮಾತು ಬೇರೆ ಕಡೆ ಹೊರಳಿತು. ಆ ಮೂವರ ಚಕ್ರಗಳು ಗಲ್ಲಿಗೆ ಹೋಗಲಿಲ್ಲ. ಜೊತೆಗಾರ ಇವತ್ತಿಗೂ ಗಾಲಿಕುರ್ಚಿಗಳನ್ನೇ ನೇರ ಮಾಡುತ್ತಿದ್ದಾನೆ. ಅಕ್ಕನ ಮಗಳು ಆ ಕಾರನ್ನು ಬೆಟ್ಟಕ್ಕೆ ಒಯ್ಯುತ್ತಾಳೆ, ಹೊಸ ಚಕ್ರಗಳ ಮೇಲೆ ಅದು ಚೆನ್ನಾಗಿಯೇ ಓಡುತ್ತದೆ. ಮಾವನ ಅಂಗಡಿಯ ಬೀದಿ ಬಂದಾಗ ಮಾತ್ರ ದಾರಿ ಬದಲಿಸುತ್ತಾಳೆ.

ನಿಷ್ಠುರರನ್ನು ನಾವು ಸತ್ಯವಂತರೆಂದು ತಿಳಿಯುತ್ತೇವೆ; ಹತ್ತಿರದಿಂದ ನೋಡಿದರೆ ಅವರಲ್ಲಿ ಬಹಳ ಮಂದಿ ಇತರರ ಸತ್ಯವನ್ನು ಹೇಳುವವರು. ಕಂಡವರ ಕುಂದನ್ನು ಕಂಡಂತೆ ಆಡಿ ಆಡಿ ಅವರ ಮೇಲೆ ಜನರಿಗೆ ಒಂದು ನಂಬಿಕೆ ಕೂಡಿಬಂದಿರುತ್ತದೆ, ಅದನ್ನು ಯಾರೂ ಪರೀಕ್ಷಿಸುವ ಗೋಜಿಗೆ ಹೋಗುವುದಿಲ್ಲ. ತಮ್ಮದೇ ಕುಂದನ್ನು ಒಪ್ಪಿಕೊಳ್ಳಬೇಕಾದ ದಿನವೊಂದು ಬಂದಾಗ ಅವರಿಗೆ ಒಂದೇ ಒಂದು ಸುಳ್ಳು ಸಾಕು. ಸುಳ್ಳುಗಾರ ಆಡಿದ ಸುಳ್ಳನ್ನು ನಾಲ್ಕು ಜನ ಅನುಮಾನಿಸುತ್ತಾರೆ, ಅದು ಯಾರನ್ನೂ ಪೂರ್ತಿ ಮುಗಿಸುವುದಿಲ್ಲ. ಸುಳ್ಳಾಡದವನ ಸುಳ್ಳಿಗೆ ಸಿಕ್ಕಿದವನು ಮಾತ್ರ ಮತ್ತೆ ಏಳುವುದಿಲ್ಲ.