ಎರಡನೇ ಬಾಗಿಲಿನ ಕೀಲಿಕೈ

ಹದಿನೇಳನೆಯ ವರದಿಗೆ ಮೊಹರು ಒತ್ತಿ ಮೇಡಂ ಅದನ್ನು ಬಲಗಡೆಗೆ ಸರಿಸಿದರು. ಕಾಲೇಜಿನ ವಿದ್ಯಾರ್ಥಿಗಳನ್ನು ಎಂಟು ವಾರ ಹೊರಗೆ ಕೆಲಸ ಕಲಿಯಲು ಕಳಿಸಿ, ಮರಳಿದ ಮೇಲೆ ಅವರ ವರದಿಗೆ ಸಹಿ ಹಾಕುವುದು ಹನ್ನೊಂದು ವರ್ಷಗಳಿಂದ ಅವರ ಕೆಲಸ. ಮೊದಮೊದಲು ಒಬ್ಬೊಬ್ಬರನ್ನೂ ಕೂರಿಸಿ ಕೇಳುತ್ತಿದ್ದರು. ಈಗ ಕೈ ತನ್ನಷ್ಟಕ್ಕೆ ತಾನೇ ಆಡುತ್ತಿತ್ತು. ಕಣ್ಣು ಹೆಸರಿನಿಂದ ಕೆಳಗಿಳಿಯುತ್ತಿರಲಿಲ್ಲ.

ಹೊಸ ಪ್ರಾಂಶುಪಾಲರು ಬಂದ ಮೇಲಂತೂ ಗೋಡೆಗೊಂದು ದೊಡ್ಡ ನಕ್ಷೆ ಬಂದಿತ್ತು. ಎಡಕ್ಕೆ ವಿದ್ಯಾರ್ಥಿಗಳು, ಬಲಕ್ಕೆ ಕಂಪನಿಗಳು, ನಡುವೆ ಬಾಣಗಳು. "ಇದೂ ಒಂದು ಸಪ್ಲೈ ಚೈನೇ ಮೇಡಂ. ಎಲ್ಲೂ ಮಾಲು ನಿಲ್ಲಬಾರದು," ಎಂದಿದ್ದರು. ಸೋಮವಾರ ಮುಂದಿನ ತಂಡ ಹೊರಡಬೇಕು. ಇವತ್ತು ನಾಲ್ಕು ಗಂಟೆಯೊಳಗೆ ಈ ನಲವತ್ತೂ ಮುಗಿಯಬೇಕು. ಮೇಡಂ ತಲೆಯಾಡಿಸಿದ್ದರು. ಅವರ ಗುತ್ತಿಗೆ ತಿಂಗಳ ಕೊನೆಗೆ ಮುಗಿಯುವುದಿತ್ತು; ಅದೂ ಅವರನ್ನು ಅಷ್ಟಾಗಿ ತಟ್ಟಿರಲಿಲ್ಲ.

ಹೊರಗಿನ ಸಾಲಿನಿಂದ ಒಳಬಂದ ಹದಿನೆಂಟನೆಯವಳು ಗೋದಾಮಿಗೆ ಹೋಗಿ ಬಂದ ಎತ್ತರದ ಹುಡುಗಿ. ವರದಿಯಲ್ಲಿ 'ಕಲಿತದ್ದು' ಎಂಬ ಜಾಗ ಖಾಲಿಯಿತ್ತು.

"ಇದನ್ಯಾಕಮ್ಮ ಬಿಟ್ಟಿದ್ದೀಯ?"

"ಏನೂ ಕಲೀಲಿಲ್ಲ ಮೇಡಂ. ಎಂಟು ವಾರ ಗೇಟಲ್ಲಿ ನಿಲ್ಲಿಸಿದ್ರು. ಲಾರಿ ನಂಬರ್ ಬರ್ಕೊಂಡೆ."

"ಎಲ್ರೂ ಏನೋ ಒಂದು ಬರೀತಾರೆ. ನೀನೂ ಬರಿ."

"ಸುಳ್ಳು ಬರೀಲಾ?"

ಮಾತಿನಲ್ಲಿ ಸಿಟ್ಟಿರಲಿಲ್ಲ. ದಾರಿ ಕೇಳುವ ಹಾಗೆ ಕೇಳಿದಳು. ಮೇಡಂ ಮೊಹರು ಎತ್ತಿದರು; ಯಾಕೋ ಒತ್ತಲಿಲ್ಲ.

"ಲಾರಿ ಬಂದ ತಕ್ಷಣ ಒಳಗೆ ಬಿಡ್ತಿದ್ರಾ?"

"ಎಲ್ಲಿ ಬಿಡ್ತಾರೆ! ಆರಕ್ಕೆ ಬಂದಿದ್ದು ಹತ್ತರ ತನಕ ನಿಂತಿರುತ್ತೆ. ಎರಡನೇ ಬಾಗಿಲಿನ ಕೀ ಸೂಪರ್‌ವೈಸರ್ ಜೇಬಲ್ಲಿ, ಅವ್ರು ಬರೋದೇ ಹತ್ತಕ್ಕೆ. ಬೈಗುಳ ಮಾತ್ರ ನಂಗೆ. ಇನ್ನೊಂದು ಕೀ ಮಾಡಿಸಿದ್ರೆ ದಿನಕ್ಕೆ ಆರು ಲಾರಿ ಜಾಸ್ತಿ ಹೋಗುತ್ತೆ ಮೇಡಂ."

"ಯಾರಿಗಾದ್ರೂ ಹೇಳಿದ್ಯಾ?"

"ಯಾರೂ ಕೇಳ್ಲಿಲ್ವಲ್ಲ."

ಮೇಡಂ ಗೋಡೆಯತ್ತ ನೋಡಿದರು. ಬಾಣಗಳೆಲ್ಲ ಹೊರಕ್ಕೇ ಹೋಗುತ್ತಿದ್ದವು. ಎದೆಯೊಳಗೆ ಏನಾದರೂ ಆದೀತೇನೋ ಎಂದು ಕಾದರು. ಏನೂ ಆಗಲಿಲ್ಲ. ಆದರೂ ಎದ್ದು, ಫೈಲುಗಳಡಿ ಹೂತುಹೋಗಿದ್ದ ಕುರ್ಚಿಯನ್ನು ಬಿಡಿಸಿ ಮೇಜಿನೆದುರು ಎಳೆದರು.

"ಕೂತ್ಕೋ. ಆ ಗೇಟು, ಬಾಗಿಲು ಎಲ್ಲ ಬರೆದು ತೋರ್ಸು."

ಹುಡುಗಿ ವರದಿಯ ಬೆನ್ನಿಗೆ ಗೆರೆ ಎಳೆಯತೊಡಗಿದಳು. ಫೋನು ರಿಂಗಾಯಿತು. ಪ್ರಾಂಶುಪಾಲರು.

"ಎಷ್ಟಾಯ್ತು ಮೇಡಂ?"

"ಮೊದಲನೇದು ನಡೀತಿದೆ ಸರ್."

"ಮೊದಲನೇದಾ? ನಾಲ್ಕಕ್ಕೆ..."

"ನಾಲ್ಕಕ್ಕೆ ಆಗಲ್ಲ ಸರ್."

ಫೋನಿಟ್ಟು, ಮುಗಿಸಿದ್ದ ಹದಿನೇಳನ್ನೂ ಮತ್ತೆ ಎಡಕ್ಕೆ ಎಳೆದುಕೊಂಡರು.

ಹೊರಗೆ ಸಾಲಿನಲ್ಲಿದ್ದವರು ಬಾಗಿಲ ಸಂದಿಯಿಂದ ಇಣುಕಿದರು. ಒಬ್ಬ ಗಡಿಯಾರ ನೋಡಿಕೊಂಡು, ಚೀಲ ಇಳಿಸಿ ಗೋಡೆಗೊರಗಿ ಕೂತ. ಅವನ ಪಕ್ಕ ಇನ್ನೊಬ್ಬಳು. ಹಾಗೇ ಕಾರಿಡಾರಿನುದ್ದಕ್ಕೂ ಒಬ್ಬೊಬ್ಬರಾಗಿ ನೆಲಕ್ಕೆ ಕೂರತೊಡಗಿದರು.