ಒರಿಜಿನಲ್ ತರಬೇಕು

“ಲೇ ನಂಜಪ್ಪ, ಬೋಳಿಮಗನೆ, ಕಿವಿಗೆ ಗ್ರೀಸ್ ಮೆತ್ಕೊಂಡಿದ್ದೀಯೇನ್ಲಾ? ಪ್ರೆಸ್ಸಿನ ಡೈ ಬದಲಾಯ್ಸು ಅಂತ ಎಷ್ಟ್ ಸಲ ಕೂಗ್ಬೇಕು?”

ಸೂಪರ್‌ವೈಸರ್ ಹೀಗೆ ಕೂಗಿದಾಗ ತಗಡು ಒತ್ತುವ ಪ್ರೆಸ್ ನಿಲ್ಲಿಸಿ ತಿರುಗಿದವನು ಮರೆಪ್ಪ. ನಾನು ಹೇಳುತ್ತಿರುವುದು ನಡೆದದ್ದನ್ನೇ. ಸುಳ್ಳು ಹೇಳಿದ್ದು ಒಂದೇ ಸಲ, ಅದನ್ನೂ ಹೇಳುತ್ತೇನೆ.

ಹನ್ನೊಂದು ವರ್ಷದ ಹಿಂದೆ ನಂಜಪ್ಪ ಎಂಬೊಬ್ಬ ಕೆಲಸ ಬಿಟ್ಟು ಊರಿಗೆ ಹೋದ. ಹೊಸ ಆಳಿಗೆ ಹೊಸ ಕಾಗದ ಮಾಡಿಸುವ ತಾಪತ್ರಯ ಯಾಕೆಂದು ಲೇಬರ್ ಕಾಂಟ್ರ್ಯಾಕ್ಟರ್ ಚಿಕ್ಕಬೈರಪ್ಪ ಅದೇ ಗೇಟ್ ಪಾಸನ್ನು ಮರೆಪ್ಪನ ಕೊರಳಿಗೆ ಹಾಕಿ ಪೀಣ್ಯದ ನಮ್ಮ ಫ್ಯಾಕ್ಟರಿಯೊಳಕ್ಕೆ ನೂಕಿದ. ಪಾಸಿನ ಫೋಟೊ ಎಣ್ಣೆ ಕುಡಿದು ಯಾರ ಮುಖವೂ ಅಲ್ಲದಂತಾಗಿತ್ತು. ಮರೆಪ್ಪನೆಂಬ ಹೆಸರನ್ನು ಪ್ರೆಸ್ ಶಾಪಿನವರು ಮರೆತೂ ಆಗಿತ್ತು. ಪ್ರೆಸ್ಸು ಅವನ ಬಲಗೈಯ ಎರಡು ಬೆರಳು ತಿಂದಾಗಲೂ ಆಸ್ಪತ್ರೆಯ ಕಾಗದದಲ್ಲಿ ಬೆರಳು ಕಳೆದುಕೊಂಡವನು ನಂಜಪ್ಪನೇ. ಊರಲ್ಲಿ ಐದೂ ಬೆರಳಲ್ಲಿ ಮುದ್ದೆ ಮುರಿಯುತ್ತಿದ್ದ ನಿಜವಾದ ನಂಜಪ್ಪನಿಗೆ ಇದು ಗೊತ್ತಿರಲಿಕ್ಕಿಲ್ಲ.

ನಾನು ವಸಂತ. ಬಿ.ಎ. ಮುಗಿಸಿ ಅದೇ ಚಿಕ್ಕಬೈರಪ್ಪನ ಕೈಕೆಳಗೆ ಪ್ಯಾಕಿಂಗಿಗೆ ಸೇರಿದವನು. ಪದವಿಯನ್ನೂ ಅಲ್ಲೇ ಪ್ಯಾಕ್ ಮಾಡಿಟ್ಟೆ. ಉಳಿದ ಒಂದೇ ವಿದ್ಯೆ ಮಿಮಿಕ್ರಿ. ಎಚ್‌ಆರ್ ಮ್ಯಾನೇಜರ್ ಋಷಿಕೇಶ್ ಮೂಗಲ್ಲಿ ಮಾತಾಡುವುದನ್ನು ಮಾಡಿ ತೋರಿಸಿದರೆ ಕ್ಯಾಂಟೀನಿಗೆ ಕ್ಯಾಂಟೀನೇ ನಗುತ್ತಿತ್ತು. ಆ ಶುಕ್ರವಾರ ಊಟದ ಹೊತ್ತಿಗೆ ರಟ್ಟಿನ ಡಬ್ಬಗಳ ಹಿಂದೆ ಕೂತು, ಹೊಸ ಸಿಮ್ಮಿನಿಂದ ಮರೆಪ್ಪನಿಗೆ ಫೋನ್ ಮಾಡಿದೆ.

“ಮರೆಪ್ಪಾ, ಋಷಿಕೇಶ್ ಮಾತಾಡ್ತಿರೋದು. ಪುಣೆ ಪ್ಲಾಂಟಲ್ಲಿ ಟ್ರೈನಿಂಗ್. ಸೋಮವಾರ ಫ್ಲೈಟು. ವಾಪಸ್ ಬಂದ್ಮೇಲೆ ಪರ್ಮನೆಂಟ್ ಮಾಡ್ತೀವಿ.”

ಕಂಪನಿಯವರಿಗೆ ಗೊತ್ತೇ ಇಲ್ಲದ ಹೆಸರು ಹಿಡಿದು ಕರೆದಿದ್ದೆ. ಅವನಿಗೆ ಅನುಮಾನ ಬರಬೇಕಿತ್ತು. ಖುಷಿ ಬಂತು.

“ಸಾ, ನಂತಾವ ಪಾಸ್‌ಪೋರ್ಟ್ ಇಲ್ಲ ಸಾ.”

“ಒಂದೂವರೆ ಗಂಟೆ ಫ್ಲೈಟಿಗೆ ಪಾಸ್‌ಪೋರ್ಟ್ ಯಾಕ್ರೀ. ಫೋಟೊ ಇರೋ ಐಡಿ ಸಾಕು. ಆಧಾರ್, ವೋಟರ್ ಕಾರ್ಡ್, ಡಿಎಲ್. ಯಾವ್ದಾದ್ರೂ ಒಂದು.” ಮೊಬೈಲಿನಲ್ಲಿ ಪಟ್ಟಿ ನೋಡಿಯೇ ಓದುತ್ತಿದ್ದೆ.

“ಬೆರಳಿಲ್ದೋರ್ಗೆ ಕಾರ್ಡ್ ಕೊಡ್ತಾರಲ್ಲ, ಅದು ನಡೀತದಾ ಸಾ?”

“ನಡೆಯುತ್ತೆ. ಇದೆಯಾ?”

“ಇಲ್ಲ ಸಾ. ಸುಮ್ಕೆ ಕೇಳ್ದೆ.”

“ಒರಿಜಿನಲ್ ತರಬೇಕು. ಜೆರಾಕ್ಸ್ ನಡೆಯಲ್ಲ.”

ಸಂಜೆ ನಿಜ ಹೇಳಿ ನಗೋಣವೆಂದುಕೊಂಡಿದ್ದೆ. ಸಂಜೆಗೆ ಅವನು ಪರ್ಮಿಷನ್ ಹಾಕಿ ಐಡಿ ಹುಡುಕಲು ಹೊರಟುಹೋಗಿದ್ದ, ಶನಿವಾರವೂ ಬರಲಿಲ್ಲ. ಊರಿನ ವೋಟರ್ ಲಿಸ್ಟಿನಿಂದ ಅವನ ಹೆಸರು ತೆಗೆದಿದ್ದರು. ಆಧಾರ್ ಇತ್ತು, ಅವನ ಹತ್ತಿರ ಅಲ್ಲ. ಆಳುಗಳು ಬೇರೆ ಫ್ಯಾಕ್ಟರಿಗೆ ಹಾರದಿರಲೆಂದು ನಮ್ಮೆಲ್ಲರ ಒರಿಜಿನಲ್ಲುಗಳು ಚಿಕ್ಕಬೈರಪ್ಪನ ಬೀರುವಿನಲ್ಲಿರುತ್ತಿದ್ದವು. ಸೈಬರ್ ಸೆಂಟರಿನಲ್ಲಿ ಹೊಸ ಪ್ರತಿ ತೆಗೆಸೋಣವೆಂದರೆ ಓಟಿಪಿ ಹೋಗುವುದೂ ಚಿಕ್ಕಬೈರಪ್ಪನ ಮೊಬೈಲಿಗೇ.

ಭಾನುವಾರ ಬೆಳಿಗ್ಗೆ ಮರೆಪ್ಪ ನನ್ನ ರೂಮಿಗೆ ಬಂದ. “ಬಾ ವಸಂತ, ನಿಂಗೆ ಮಾತು ಬತ್ತದೆ. ಚಿಕ್ಕಬೈರಪ್ಪಣ್ಣನ ಅಟ್ಟಿತಾವ ಓಗ್ಬರನ.” ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೊರಳಿಗೆ ಗೇಟ್ ಪಾಸನ್ನೂ ತೂಗಿಸಿಕೊಂಡಿದ್ದ. ಆ ಅಂಗಿ ನೋಡಿ, ನಿಜ ಹೇಳುವ ಬದಲು ಚಪ್ಪಲಿ ಮೆಟ್ಟಿದೆ.

“ಮೆಟ್ಲ ಕೆಳಗೇ ನಿಂತ್ಕಳಿ, ಈಗ್ತಾನೆ ಒರ್ಸಿದೀನಿ,” ಎಂದಳು ಚಿಕ್ಕಬೈರಪ್ಪನ ಹೆಂಡತಿ ಭದ್ರಮ್ಮ. ಹಾಲಿನವನು ಒದ್ದೆ ಚಪ್ಪಲಿಯಲ್ಲೇ ಒಳಗೆ ಹೋಗಿಬಂದ.

ಚಿಕ್ಕಬೈರಪ್ಪ ಕಾಫಿ ಕುಡಿಯುತ್ತ ಬಂದ. “ಆಧಾರಾ? ಯಾವ್ ಫ್ಯಾಕ್ಟ್ರಿಗ್ ಓಡೋಯ್ತೀಯಲಾ?”

“ಓಡೋಗಾದಲ್ಲ ಅಣ್ಣ. ಪ್ಲೇನು. ಕಂಪ್ನಿಯೋರೇ ಪುಣೆಗ್ ಕಳಿಸ್ತಾವ್ರೆ. ಬಂದ್ಮ್ಯಾಕೆ ಪರ್ಮನೆಂಟಂತೆ.”

“ಏರೋಪ್ಲೇನ್ ಅತ್ತೋ ಮಕ ನೋಡು. ನೀನ್ ಕುಂತ್ರೆ ಪಕ್ಕದ್ ಸೀಟ್ನೋನು ಕೆಳಿಕ್ ನೆಗೀತಾನೆ.” ನಮಗೂ ಕೇಳಿಸಲೆಂದು ಸ್ಪೀಕರ್ ಹಾಕಿ ಋಷಿಕೇಶನಿಗೆ ಫೋನ್ ಹಚ್ಚಿದ. “ಸಾರ್, ನಮ್ ಮರೆಪ್ಪನ್ನ ಪುಣೆಗ್ ಕಳಿಸ್ತಿದ್ದೀರಂತೆ?”

“ಯಾವ ಮರೆಪ್ಪ?” ನಿಜವಾದ ಮೂಗು ಮಾತಾಡಿತು. “ಲಿಸ್ಟಲ್ಲಿ ಆ ಹೆಸರೇ ಇಲ್ವಲ್ಲ.”

ಚಿಕ್ಕಬೈರಪ್ಪ ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು.

“ಬೇರೆಯೋರ ಪಾಸಲ್ಲಿ ಆಳು ಬಿಟ್ಟಿದ್ದೀರೇನ್ರೀ? ಬುಧವಾರ ಆಡಿಟ್ ಇದೆ. ನಾಳೆಯಿಂದ ಆ ಮನುಷ್ಯ ಗೇಟ್ ಹತ್ರ ಕಾಣಬಾರದು.”

ನಾನು ಮೆಟ್ಟಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ.

“ಸೂಳೆಮಗನೆ, ನನ್ ಕಾಂಟ್ರ್ಯಾಕ್ಟಿಗೇ ಬೆಂಕಿ ಇಕ್ದಲ್ಲೋ.” ಚಿಕ್ಕಬೈರಪ್ಪ ಮೆಟ್ಟಿಲಿಳಿದು ಬಂದು ಮರೆಪ್ಪನ ಕೊರಳಿಂದ ಪಾಸು ಕಿತ್ತ. ಒಳಗಿನಿಂದ ಆಧಾರ್ ತಂದು ನೆಲಕ್ಕೆಸೆದ. “ತಗ. ಪ್ಲೇನ್ ಅತ್ತೋಗು.”

ಮರೆಪ್ಪ ಕಾರ್ಡನ್ನು ಎತ್ತಿ, ಅಂಗಿಗೆ ಒರೆಸಿ, ಜೇಬಿಗಿಟ್ಟ.

ಬಾಗಲಗುಂಟೆ ಬಸ್ ಸ್ಟಾಪಿನಲ್ಲಿ ಹೇಳಿದೆ. “ಮರೆಪ್ಪಣ್ಣ, ಫೋನ್ ಮಾಡಿದ್ದು ನಾನು.” ಅವನು ನಂಬಲಿಲ್ಲ. ಋಷಿಕೇಶನ ಮೂಗಿನಲ್ಲೇ ಇನ್ನೊಮ್ಮೆ ಹೇಳಬೇಕಾಯಿತು. ಕೆನ್ನೆಗೆ ಬೀಳುತ್ತದೆಂದು ಕಾದೆ. ಅವನು ಬಲಗೈಯಲ್ಲಿ ನನ್ನ ಮಣಿಕಟ್ಟು ಹಿಡಿದು ನಗತೊಡಗಿದ.

“ತೇಟ್ ಅವ್ನೇ ಕಣ್ಲಾ. ಈಗ ನಾನ್ ಪ್ಲೇನ್ ಅತ್ತಿದೆ ಅನ್ಕ. ಮುಂದಕ್ ಯೋಳು.”

“ಬೇಡಣ್ಣ.”

“ಯೋಳು ಅಂದೆ.”

“ಮರೆಪ್ಪಾ, ಕಿಟಕಿ ಪಕ್ಕದ ಸೀಟ್ ಕೊಟ್ಟಿದ್ದೀವಿ,” ಎಂದೆ, ಅದೇ ಮೂಗಿನಲ್ಲಿ. ನಕ್ಕ. “ಬೆಲ್ಟ್ ಹಾಕ್ಕೊಳ್ಳಿ.” ಇನ್ನೂ ಜೋರಾಗಿ ನಕ್ಕ. ಬಸ್ಸಿಗೆ ಕಾಯುತ್ತಿದ್ದವರೂ ಏನೆಂದು ತಿಳಿಯದೆ ನಗತೊಡಗಿದರು. ಎಲ್ಲರಿಗಿಂತ ದೊಡ್ಡ ನಗು ಮರೆಪ್ಪನದು. ಅವನನ್ನು ಪುಣೆಯಲ್ಲಿ ಇಳಿಸಿದೆ. ಕಾರು ಕಳಿಸಿದೆ. ಹೊಸ ಪ್ರೆಸ್ಸಿನ ಮುಂದೆ ನಿಲ್ಲಿಸಿ, ಇದಕ್ಕೆ ಸೆನ್ಸರ್ ಇದೆ, ಕೈ ಅಡ್ಡ ಬಂದರೆ ತಾನೇ ನಿಲ್ಲುತ್ತೆ ಎಂದೆ. ಅಷ್ಟಕ್ಕೆ ಅವನ ಉಸಿರು ಕಟ್ಟುವಷ್ಟು ನಗು ಬಂತು. ಕಣ್ಣು, ಮೂಗು ಸುರಿಯಿತು.

ಬಸ್ಸು ಬಂತು, ಉಳಿದವರು ಹತ್ತಿಕೊಂಡು ಹೋದರು. ನನ್ನ ದನಿ ಬಿದ್ದುಹೋಗಿತ್ತು. ಮಣಿಕಟ್ಟು ಇನ್ನೂ ಅವನ ಮೂರು ಬೆರಳುಗಳಲ್ಲೇ ಇತ್ತು.

“ಆಮ್ಯಾಕೆ?” ಎಂದ.